ಹಾಸ್ಟೆಲ್ ಚಾವಣಿಯ ದುರಸ್ತಿ: ಈ ಖರ್ಚು ಯಾಕೆ ಬಂತು?

ಈ ವರ್ಷದ ಲೆಕ್ಕಪತ್ರದಲ್ಲಿ ‘ಕಟ್ಟಡ ದುರಸ್ತಿ’ಯ ಬಾಬ್ತು ದೊಡ್ಡದಾಗಿಯೇ ಇದೆ. ಸ್ಕಾಲರ್‌ಶಿಪ್ ಕೊಡಬೇಕಾದ ಟ್ರಸ್ಟ್ ಸಿಮೆಂಟಿಗೆ ಯಾಕೆ ಇಷ್ಟು ಸುರಿಯಿತು ಎಂದು ಕೆಲವು ದಾನಿಗಳು ಕೇಳಿದ್ದಾರೆ. ಕೇಳುವುದು ಅವರ ಹಕ್ಕು.

ಕಡಲಿಗೆ ಹತ್ತಿರವಿರುವ ನಮ್ಮ ವಿದ್ಯಾರ್ಥಿ ನಿಲಯದ ಮೇಲಿನ ಮಹಡಿಯಲ್ಲಿ ಎರಡು ಮಳೆಗಾಲದ ಹಿಂದೆಯೇ ಚಾವಣಿ ಉದುರಿತ್ತು. ಆಗ ಮೇಸ್ತ್ರಿಯನ್ನು ಕರೆಸಿ ಸಿಮೆಂಟ್ ಮೆತ್ತಿಸಿ ಬಣ್ಣ ಹೊಡೆಸಿದೆವು. ಅದು ನಮ್ಮ ತಪ್ಪು. ಕಳೆದ ಮಳೆಗಾಲದಲ್ಲಿ ಅದೇ ತೇಪೆಯ ಪಕ್ಕದಿಂದ ಅಂಗೈಯಗಲದ ಕಾಂಕ್ರೀಟ್ ತುಂಡು ಮಂಚದ ಮೇಲೆ ಬಿತ್ತು. ಮಕ್ಕಳು ಅಸರ್ ನಮಾಝಿಗೆ ಹೋಗಿದ್ದರು, ಅಲ್‌ಹಮ್ದುಲಿಲ್ಲಾಹ್. ಅಂದೇ ಕೋಣೆಗಳನ್ನು ಖಾಲಿ ಮಾಡಿಸಿ ಇಂಜಿನಿಯರರನ್ನು ಕರೆಸಿದೆವು.

ಅವರು ವಿವರಿಸಿದ್ದು ಹೀಗೆ. ಒಳ್ಳೆಯ ಕಾಂಕ್ರೀಟ್ ಕ್ಷಾರಗುಣದ್ದು. ಪಿಎಚ್ ಸುಮಾರು 12ರಿಂದ 13. ಆ ಕ್ಷಾರ ಒಳಗಿನ ಸರಳಿನ ಮೇಲೆ ತೆಳುವಾದ ರಕ್ಷಣಾ ಪದರವನ್ನು ಕಾಪಾಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು ಕ್ಷಾರವನ್ನು ಕುಂದಿಸುತ್ತದೆ. ಕಡಲ ಗಾಳಿಯ ಉಪ್ಪಂತೂ ಕ್ಷಾರವಿದ್ದರೂ ಪದರವನ್ನು ಒಡೆಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಜಾಗವಿಲ್ಲದೆ ಅದು ಕಾಂಕ್ರೀಟನ್ನೇ ಸೀಳುತ್ತದೆ. ಕಡಲ ಗಾಳಿಗೆ ಒಡ್ಡಿದ ಕಾಂಕ್ರೀಟಿನಲ್ಲಿ ಸರಳಿನ ಮೇಲೆ ಸಾಮಾನ್ಯವಾಗಿ 45 ಮಿ.ಮೀ. ಹೊದಿಕೆ ಇರಬೇಕೆಂದು ಐಎಸ್ 456 ಹೇಳುತ್ತದೆ. ನಮ್ಮ ಚಾವಣಿಯಲ್ಲಿ ಕೆಲವೆಡೆ 15 ಕೂಡ ಇರಲಿಲ್ಲ. ಇನ್ನೊಂದು ಮಾತು: ಉಪ್ಪು ಹೊಕ್ಕ ಹಳೆಯ ಕಾಂಕ್ರೀಟಿಗೆ ಸಣ್ಣ ತೇಪೆ ಹಾಕಿದರೆ ತೇಪೆಯ ಅಂಚಿನಾಚೆ ತುಕ್ಕು ಇನ್ನೂ ಜೋರಾಗಬಹುದಂತೆ.

ಈ ಸಲ ಮೊದಲು ಜಾಕಿ ಕೊಟ್ಟು ಚಾವಣಿಯ ಭಾರ ಹೊರಿಸಿದರು. ಸುತ್ತಿಗೆಯಿಂದ ತಟ್ಟಿ ಟೊಳ್ಳು ಸದ್ದು ಬಂದಲ್ಲೆಲ್ಲ ಗುರುತು ಹಾಕಿದರು. ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ತಲೀನ್ ಸಿಂಪಡಿಸಿದಾಗ ಕ್ಷಾರ ಉಳಿದಲ್ಲಿ ಗುಲಾಬಿ ಬಣ್ಣ ಬಂತು, ಉಳಿದ ಕಡೆ ಬರಲಿಲ್ಲ. ಸರಳಿನ ಹಿಂದೆ ಬೆರಳು ತೂರುವಷ್ಟು ಕೆತ್ತಿ, ಹೊಳಪು ಬರುವವರೆಗೆ ಉಜ್ಜಿ, ಸವೆದಲ್ಲಿ ಹೊಸ ಸರಳು ಜೋಡಿಸಿದರು. ಸತುವಿನ ಲೇಪ ಹಚ್ಚಿ ಪಾಲಿಮರ್ ಬೆರೆಸಿದ ಗಾರೆ ತುಂಬಿದರು. ತಾರಸಿಗೂ ನೀರಿಳಿಯದ ಹೊದಿಕೆ ಹಾಕಿಸಿದೆವು.

ಝಕಾತ್ ನಿಧಿಯಿಂದ ಇದಕ್ಕೆ ಒಂದು ಪೈಸೆಯೂ ಹೋಗಿಲ್ಲ. ಅದು ಅರ್ಹ ವಿದ್ಯಾರ್ಥಿಗಳ ಪಾಲು. ಸದಕಾ ಮತ್ತು ಅಂಗಡಿಗಳ ಬಾಡಿಗೆಯಿಂದ ಭರಿಸಿದ್ದೇವೆ. ಆದರೂ ಆ ಕೋಣೆಗಳ ಮಕ್ಕಳು ಒಂದು ಸೆಮಿಸ್ಟರ್ ಪೂರ್ತಿ ನೆಂಟರ ಮನೆಗಳಿಂದ ಓಡಾಡಬೇಕಾಯಿತು. ಅವರ ಪೋಷಕರು ಕ್ಷಮಿಸಬೇಕು.

ಕೋಣೆಗಳು ಈಗ ತೆರೆದಿವೆ. ವಸತಿ ಬೇಕಾದವರು ಸ್ಕಾಲರ್‌ಶಿಪ್ ಅರ್ಜಿಯಲ್ಲಿಯೇ ಅದನ್ನು ನಮೂದಿಸಿ. ಸೇರಿದ ಮೇಲೆ ಚಾವಣಿಯಲ್ಲಿ ಕಂದು ಕಲೆಯೋ ಸರಳಿನ ನೇರಕ್ಕೆ ಬಿರುಕೋ ಕಂಡರೆ ಅಂದೇ ವಾರ್ಡನರಿಗೆ ತಿಳಿಸಿ.