ಇಂಡಿ ಲಿಂಬೆಯ ಹುಳಿಯಲ್ಲಿರುವ ಬೀಜಗಣಿತ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ತೋಟಗಳಲ್ಲಿ ಬೆಳೆಯುವ, ಇಂಡಿಯ ಹೆಸರಿನಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನೂ ಪಡೆದಿರುವ ಲಿಂಬೆಯ ಹುಳಿಗೆ ಮುಖ್ಯ ಕಾರಣ ಸಿಟ್ರಿಕ್ ಆಮ್ಲ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ 1784ರಲ್ಲಿ ಹಣ್ಣಿನ ರಸದಿಂದ ಬೇರ್ಪಡಿಸಿದ ಈ ಆಮ್ಲಕ್ಕೆ ಸಮಮಿತಿಗೆ ಅನುಗುಣವಾದ ಅಣುಗಳ ಶ್ರೇಣಿಯಲ್ಲಿ ಯಾವ ನೆಲೆ ಸಲ್ಲುತ್ತದೆಂಬುದನ್ನು ಅಮೂರ್ತ ಬೀಜಗಣಿತದ ಶಾಖೆಯಾದ ಗ್ರೂಪ್ ಸಿದ್ಧಾಂತ ತಿಳಿಸುತ್ತದೆ.

ಅಣುವನ್ನು ತಿರುಗಿಸಿದರೂ ಕನ್ನಡಿಯಲ್ಲಿ ಪ್ರತಿಫಲಿಸಿದರೂ ಅದು ಮೊದಲಿನಂತೆಯೇ ಕಂಡರೆ ಅದು ಸಮಮಿತಿ ಕ್ರಿಯೆ. ಇಂಥ ಕ್ರಿಯೆಗಳನ್ನು ಒಂದಾದ ಮೇಲೊಂದು ನಡೆಸಿದರೂ ಫಲಿತಾಂಶ ಅದೇ ಕೂಟದೊಳಗೆ ಉಳಿಯುವುದರಿಂದ, ಪ್ರತಿಯೊಂದನ್ನೂ ಹಿಂದಿರುಗಿಸಬಹುದಾದ್ದರಿಂದ, ಆ ಕೂಟ ಗ್ರೂಪ್ ಎನಿಸುತ್ತದೆ. ಅದರೊಳಗೆ ಸ್ವತಃ ಗ್ರೂಪ್ ಆಗಿ ನಿಲ್ಲಬಲ್ಲ ಭಾಗ ಉಪಗ್ರೂಪ್. ಉದಾಹರಣೆಗೆ, ಮೀಥೇನ್ ಅಣುವಿಗೆ ಇಂಥ 24 ಕ್ರಿಯೆಗಳಿವೆ. ಒಂದು ಹೈಡ್ರೋಜನ್ನಿನ ಜಾಗಕ್ಕೆ ಕ್ಲೋರಿನ್ ಬಂದರೆ 6, ಎರಡರ ಜಾಗಕ್ಕೆ ಬಂದರೆ 4 ಉಳಿಯುತ್ತವೆ. ಉಪಗ್ರೂಪಿನ ಗಾತ್ರ ಮೂಲ ಗ್ರೂಪಿನ ಗಾತ್ರವನ್ನು ಶೇಷವಿಲ್ಲದೆ ಭಾಗಿಸಬೇಕೆಂಬುದು ಲಗ್ರಾಂಜನ ಪ್ರಮೇಯ. 6 ಮತ್ತು 4 ಎರಡೂ 24ನ್ನು ಹಾಗೆ ಭಾಗಿಸುತ್ತವೆ, ಆದರೆ 4 ರಿಂದ 6 ಭಾಗವಾಗದ ಕಾರಣ ಅವುಗಳಲ್ಲಿ ಒಂದು ಇನ್ನೊಂದರ ಅಧೀನವಲ್ಲ. ಆದುದರಿಂದ ಈ ಶ್ರೇಣಿಯನ್ನು ನೇರ ಏಣಿಯೆಂದು ಭಾವಿಸುವುದು ತಪ್ಪು. ಅದು ಕವಲೊಡೆದು ಕೆಳಗೆ ಮತ್ತೆ ಕೂಡುವ ಜಾಲ. ಮೇಲಿನ ಎರಡು ಕವಲುಗಳು ಕೂಡುವ ಜಾಗದಲ್ಲಿ ಉಳಿಯುವುದು ಒಂದು ಕನ್ನಡಿ ಪ್ರತಿಫಲನ, ಮತ್ತು ಏನನ್ನೂ ಮಾಡದಿರುವ ಕ್ರಿಯೆ. ಗಣಿತ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಸಿಟ್ರಿಕ್ ಆಮ್ಲದ ನೆಲೆಯೂ ಅದೇ. ಅದರ ನಡುವಿನ ಇಂಗಾಲಕ್ಕೆ ಒಂದೇ ರಚನೆಯ ಎರಡು ತೋಳುಗಳಿದ್ದು, ಪ್ರತಿಫಲನದಲ್ಲಿ ಅವು ಅದಲುಬದಲಾಗುತ್ತವೆ. ಜೀವಕೋಶಗಳು ಶಕ್ತಿ ಪಡೆಯುವ ರಾಸಾಯನಿಕ ಚಕ್ರದಲ್ಲಿ ಈ ಆಮ್ಲವಿದೆಯೆಂದು ಜೀವರಸಾಯನಶಾಸ್ತ್ರಜ್ಞ ಕ್ರೆಬ್ಸ್ 1937ರಲ್ಲಿ ಸೂಚಿಸಿದ ಬಳಿಕ, ಗುರುತು ಹಚ್ಚಿದ ಇಂಗಾಲದ ಪ್ರಯೋಗಗಳಲ್ಲಿ ಎರಡು ತೋಳುಗಳಿಗೆ ಬೇರೆ ಬೇರೆ ಗತಿ ಒದಗಿದ್ದು ಕಂಡುಬಂತು; ಹೀಗಾಗಿ ಇಷ್ಟು ಸಮಮಿತಿಯುಳ್ಳ ಅಣು ಆ ಹಾದಿಯಲ್ಲಿರಲಾರದೆಂಬ ವಾದ ಬಲವಾಯಿತು. 1948ರಲ್ಲಿ ಜೀವರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಆಗ್‌ಸ್ಟನ್, ಕಿಣ್ವವು ಅಣುವನ್ನು ಮೂರು ಕಡೆ ಹಿಡಿದರೆ ತೋಳುಗಳ ನಡುವಿನ ಸಮಾನತೆ ಅಳಿಯುತ್ತದೆಂದು ತೋರಿಸಿದರು. ಬೀಜಗಣಿತದ ಮಾತಿನಲ್ಲಿ ಹೇಳುವುದಾದರೆ, ಕನ್ನಡಿ ಸಮಮಿತಿಯೇ ಇಲ್ಲದ ಕಿಣ್ವದೊಡನೆ ಕೂಡಿದಾಗ ಅಣುವಿನ ಎರಡು ಕ್ರಿಯೆಗಳಲ್ಲಿ ಉಳಿಯುವುದು ಏನನ್ನೂ ಮಾಡದಿರುವ ಒಂದೇ ಒಂದು. ಹಿಂದಿನವರು ಅಣುವೊಂದನ್ನೇ ಎಣಿಸಿ, ಜೋಡಿಯನ್ನು ಎಣಿಸದೆ ಬಿಟ್ಟಿದ್ದರು.

ಅಕೊನಿಟೇಸ್ ಎಂಬ ಆ ಕಿಣ್ವ ಸಿಟ್ರಿಕ್ ಆಮ್ಲವನ್ನು ಐಸೊಸಿಟ್ರಿಕ್ ಆಮ್ಲವಾಗಿಸುವಾಗ, ಸಾಧ್ಯವಿರುವ ನಾಲ್ಕು ರೂಪಗಳಲ್ಲಿ ಒಂದನ್ನೇ ಸೃಷ್ಟಿಸುತ್ತದೆ. ಲಿಂಬೆಯಲ್ಲಾದರೋ ಇದೇ ಚಕ್ರದಲ್ಲಿ ಹುಟ್ಟಿಯೂ ಹಾಗೆ ಮಾರ್ಪಡದೆ, ರಸಕೋಶಗಳ ರಸಧಾನಿಗಳಲ್ಲಿ ಶೇಖರವಾದ ಭಾಗವೇ ಹಣ್ಣಿನ ಹುಳಿಯಾಗುತ್ತದೆ.