ಶಾಲೆ ಬಿಟ್ಟ ಮಗುವನ್ನು ಮತ್ತೆ ತರಗತಿಗೆ ಕಳಿಸುವುದು ಹೇಗೆ?

ಕಟ್ಟಡ ಕೆಲಸಕ್ಕೆಂದು ಯಾದಗಿರಿ, ಕಲಬುರಗಿ ಕಡೆಯಿಂದ ಮುಂಬಯಿಯ ಘಾಟ್ಕೋಪರ್‌ಗೆ ಬಂದವರ ಮಕ್ಕಳು ಕೆಲವರು ಶಾಲೆಯ ಬದಲು ಯಾವುದೋ ಸಂಸ್ಥೆಯ ಕಲಿಕಾ ಕೇಂದ್ರಕ್ಕೆ ಹೋಗುತ್ತಾರೆ. ಅಕ್ಷರ ಕಲಿಯುತ್ತಾರೆ, ನಿಜ. ಆದರೆ ಯಾವ ಶಾಲೆಯ ಹಾಜರಿಪಟ್ಟಿಯಲ್ಲೂ ಹೆಸರಿರುವುದಿಲ್ಲ. ಅಲ್ಲಿಂದ ಶಾಲೆಗೆ ಮರಳುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಅನ್ವಯಿಸುತ್ತದೆ. ಮೂರನೇ ತರಗತಿಗೇ ಓದು ನಿಂತಿದ್ದರೂ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಹನ್ನೊಂದರ ಹುಡುಗನನ್ನು ಪುಟಾಣಿಗಳ ನಡುವೆ ಕೂರಿಸಿದರೆ ಅವನು ವಾರದಲ್ಲೇ ಓಡಿಹೋಗುತ್ತಾನೆ, ನಾಚಿಕೆಗೆ. ಹಾಗಾದರೆ ಹಿಂದಿನ ಪಾಠ? ಅದಕ್ಕೇ 'ಸ್ಪೆಷಲ್ ಟ್ರೈನಿಂಗ್', ಅಂದರೆ ವಿಶೇಷ ತರಬೇತಿ ಇದೆ. ಕನಿಷ್ಠ ಮೂರು ತಿಂಗಳು, ಹೆಚ್ಚೆಂದರೆ ಎರಡು ವರ್ಷ. ನಡುವೆ 14 ತುಂಬಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತವಾಗಿ ಓದಬಹುದು.

ಎಲ್ಲರೂ ಎಡವುವುದು ಕಾಗದದಲ್ಲಿ. ನಮ್ಮ ಊರಿನ 'ಟಿಸಿ'ಗೆ, ಅಂದರೆ ವರ್ಗಾವಣೆ ಪತ್ರಕ್ಕೆ, ಇಲ್ಲಿ 'ಎಲ್‌ಸಿ' ಅಥವಾ 'ದಾಖಲಾ' ಎನ್ನುತ್ತಾರೆ. ಅದು ಬರುವುದು ತಡವಾಯಿತೆಂದು ಎಂಟನೆಯವರೆಗೆ ಪ್ರವೇಶ ತಡೆಯುವಂತಿಲ್ಲ. ಜನನ ಪತ್ರ ಇಲ್ಲದಿದ್ದರೂ ಅಷ್ಟೇ. ಆಸ್ಪತ್ರೆ ಇಲ್ಲವೇ ಅಂಗನವಾಡಿಯ ದಾಖಲೆ, ಅದೂ ಇಲ್ಲದಿದ್ದರೆ ಪಾಲಕರ ಘೋಷಣೆ ಸಾಕು. ಪ್ರವೇಶ ಪರೀಕ್ಷೆಯೂ ಕೂಡದು. ಜೂನ್ ದಾಟಿತಲ್ಲಾ ಎಂದು ಕೈಚೆಲ್ಲಬೇಡಿ, ವರ್ಷದ ನಡುವೆಯೂ ಸೇರಿಸಬಹುದು. ಒಂಬತ್ತನೆಯಿಂದ ಮುಂದೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಟಿಸಿಯನ್ನು ಊರಿನಿಂದ ತರಿಸಿಟ್ಟುಕೊಳ್ಳಿ.

ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ, ಅಂದರೆ 'ಎನ್‌ಐಒಎಸ್'ನಲ್ಲಿ ಓದುತ್ತಿದ್ದರೆ? ಅದರ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5, 8ನೇ ತರಗತಿಗೆ ಸಮ. 'ಸಿ' ಮುಗಿಸಿದವರು ಆ ಪ್ರಮಾಣಪತ್ರ ಹಿಡಿದು ಒಂಬತ್ತಕ್ಕೆ ಕೇಳಬಹುದು.

ಇನ್ನು ಮಾಧ್ಯಮ. ಮುಂಬಯಿ ಮಹಾನಗರ ಪಾಲಿಕೆ ಕನ್ನಡ ಶಾಲೆಗಳನ್ನೂ ನಡೆಸುತ್ತದೆ. ಊರಲ್ಲಿ ಕನ್ನಡ ಓದಿದ ಮಗುವಿಗೆ ಅದೇ ಹಗುರ. ಆದರೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿದೆಯೇ ನೋಡಿ. ದಿನವೂ ಬಸ್ಸು ಹತ್ತಿಸಬೇಕಾದರೆ ಹತ್ತಿರದ ಮರಾಠಿ ಶಾಲೆಯೇ ಮೇಲು ಎಂಬುದು ನನ್ನ ಮಾತು. ಹೇಗೂ 2020ರ ಕಾನೂನಿನಂತೆ ಇಲ್ಲಿನ ಶಾಲೆಗಳಲ್ಲಿ ಮರಾಠಿ ಕಡ್ಡಾಯ ವಿಷಯ.

ಖರ್ಚು? ಪಾಲಿಕೆ ಶಾಲೆಯಲ್ಲಿ ಎಂಟನೆಯವರೆಗೆ ಶುಲ್ಕವಿಲ್ಲ. ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಎಲ್ಲವೂ ಉಚಿತ.

ಮೊದಲು ಹತ್ತಿರದ ಪಾಲಿಕೆ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಿ. ಘಾಟ್ಕೋಪರ್ ಬರುವುದು ಪಾಲಿಕೆಯ 'ಎನ್' ವಾರ್ಡಿಗೆ. ಮುಖ್ಯೋಪಾಧ್ಯಾಯರು ಆಗದೆಂದರೆ ಆ ವಾರ್ಡಿನ ಶಾಲೆಗಳ ಆಡಳಿತಾಧಿಕಾರಿಗೆ ಅರ್ಜಿ ಕೊಡಿ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಮೊಹರು, ತಾರೀಕು ಹಾಕಿಸಿಕೊಂಡೇ ಹೊರಡಿ.