ವಾರದ ಅಡಿಗೆಗೂ ಒಂದು ಲೆಕ್ಕವಿರಲಿ

ತೋಟಕ್ಕೆ ಗೊಬ್ಬರ ಹಾಕುವ ಮುನ್ನ ನಾವು ಗಿಡಗಳ ಲೆಕ್ಕ ಹಿಡಿಯುತ್ತೇವೆ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ತೂಗುತ್ತೇವೆ. ಅಡಿಗೆಯ ವಿಷಯದಲ್ಲಿ ಮಾತ್ರ ಇದ್ದದ್ದನ್ನು ಬೇಯಿಸಿದರಾಯಿತು ಎನ್ನುವುದು ವಾಡಿಕೆ.

ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಊರುಗಳ ಊಟ ಹೊಲದಿಂದಲೇ ಬಂದದ್ದು: ಜೋಳದ ರೊಟ್ಟಿ, ಕಾಳುಪಲ್ಲೆ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಅಗಸಿ ಚಟ್ನಿ, ಮೇಲೆ ಮಜ್ಜಿಗೆ. ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದೆ ಬೆಳೆಯುವ ಮನೆಗೆ ಬೇರೆ ಯೋಜನೆ ಬೇಕಿರಲಿಲ್ಲ. ಹೊಲ ಅಡಕೆ ತೋಟವಾದ ಮೇಲೆ ಕಾಳು, ಸೊಪ್ಪು ಎಲ್ಲವೂ ಸಂತೆಯಿಂದ ಬರಬೇಕು. ಕಾಫಿ ತೋಟದವರ ಪಾಡೂ ಇದೇ. ಕೈಯಲ್ಲಿ ಹಣವಿದ್ದರೂ ತಟ್ಟೆಯಲ್ಲಿ ಅನ್ನ ಹೆಚ್ಚಿ, ಕಾಳು ಸೊಪ್ಪು ಕಡಿಮೆಯಾಗುವ ಸಂಭವ ಇಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ.

ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದ ಊಟಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ಸೇರಿ ತರಕಾರಿ 400 ಗ್ರಾಂ, ಶೇಂಗಾ, ಅಗಸಿಯಂಥ ಬೀಜಗಳು 35 ಗ್ರಾಂ ಎಂದಿದೆ. ಇದರಂತೆ ಐದು ಜನ ದೊಡ್ಡವರಿರುವ ಮನೆಗೆ ವಾರಕ್ಕೆ:

1. ಜೋಳ, ಅಕ್ಕಿ, ನವಣೆ, ಗೋಧಿ ಸೇರಿ ಸುಮಾರು 9 ಕಿಲೊ
2. ಬೇಳೆಕಾಳು 3 ಕಿಲೊ
3. ತರಕಾರಿ, ಸೊಪ್ಪು 14 ಕಿಲೊ
4. ಶೇಂಗಾ, ಅಗಸಿ, ಎಳ್ಳು 1¼ ಕಿಲೊ

ಮೈಮುರಿದು ದುಡಿಯುವವರಿಗೆ ಧಾನ್ಯ ಇನ್ನಷ್ಟು ಬೇಕು. ಮಕ್ಕಳಿಗೆ ಕಡಿಮೆ ಸಾಕು. ಉಪ್ಪು ಮಾತ್ರ ತಲೆಗೆ ದಿನಕ್ಕೆ 5 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ ಸೇರಿತು.

ಯೋಜನೆ ಹೇಗೆ?

ಸಂತೆಯ ಹಿಂದಿನ ದಿನ ಏಳು ದಿನದ ಪಟ್ಟಿ ಬರೆಯಿರಿ. ಮೊದಲು ದಿನಕ್ಕೊಂದು ಕಾಳು ಗೊತ್ತುಮಾಡಿ: ಹೆಸರು, ಮಡಕೆ, ಅಲಸಂದೆ, ಕಡಲೆ, ಹುರುಳಿ. ಸೊಪ್ಪನ್ನು ವಾರದ ಮೊದಲ ದಿನಗಳಿಗೆ, ಕುಂಬಳ, ಗಡ್ಡೆಗಳನ್ನು ಕೊನೆಯ ದಿನಗಳಿಗೆ ಇಡಿ. ಅಡಕೆ ಸುಲಿಯುವ, ಕಾಫಿ ಕೊಯ್ಯುವ ವಾರಗಳಲ್ಲಿ ಕಟಕ ರೊಟ್ಟಿ, ಹಿಂಡಿ ಮೊದಲೇ ಮಾಡಿಟ್ಟುಕೊಂಡರೆ ಬೇಕರಿ ತಿಂಡಿಯ ಖರ್ಚು ಉಳಿಯುತ್ತದೆ. ಬಚ್ಚಲ ನೀರು ಹರಿಯುವಲ್ಲಿ ನುಗ್ಗೆ, ಬಸಳೆ ಹಚ್ಚಿದರೆ ಸಂತೆಯ ಚೀಲವೂ ಹಗುರಾಗುತ್ತದೆ.

ಕಾಫಿ ಯಾವಾಗ?

ಬೆಳೆಯುವ ನಾವೇ ಇದನ್ನು ತಿಳಿದಿರಬೇಕು. ಕಾಫಿ, ಚಹಗಳಲ್ಲಿರುವ ಒಗರಿನ ಅಂಶ ಕಾಳು ಸೊಪ್ಪಿನ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಆದ್ದರಿಂದ ಊಟಕ್ಕೆ ಒಂದು ತಾಸು ಮುಂಚೆ ಅಥವಾ ಒಂದು ತಾಸು ನಂತರ ಕುಡಿಯತಕ್ಕದ್ದು. ಪಲ್ಲೆಗೆ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಊಟದ ಗುರಿ

ಎಲ್ಲವನ್ನೂ ಒಮ್ಮೆಲೇ ಬದಲಿಸಹೋದರೆ ಯಾವುದೂ ನಿಲ್ಲದು. ವಾರಕ್ಕೊಂದೇ ಗುರಿ ಸಾಕು. ಒಂದು ವಾರ ಟೀವಿ, ಮೊಬೈಲು ಬದಿಗಿಟ್ಟು ನಿಧಾನವಾಗಿ ಅಗಿದು ಉಣ್ಣುವುದು. ಮುಂದಿನ ವಾರ ಎರಡನೆಯ ಸಲ ಬಡಿಸಿಕೊಳ್ಳುವ ಮುನ್ನ ಹಸಿವು ಇನ್ನೂ ಇದೆಯೇ ಎಂದು ನೋಡಿಕೊಳ್ಳುವುದು. ಆದರೆ ಮೊದಲನೆಯ ವಾರದ ಗುರಿ ಇದಾಗಲಿ: ಅಡಿಗೆ ಮಾಡಿದವಳು ಕಡೆಗೆ ಉಳಿದದ್ದನ್ನು ಉಣ್ಣದೆ ಎಲ್ಲರೊಡನೆ ಕೂಡಬೇಕು, ಅವಳ ತಟ್ಟೆಗೂ ಕಾಳುಪಲ್ಲೆ ಸಮನಾಗಿ ಬೀಳಬೇಕು. ಅಷ್ಟಾಗದಿದ್ದರೆ ಮೇಲಿನ ಲೆಕ್ಕವೆಲ್ಲ ಕಾಗದದ ಮೇಲೆಯೇ ಉಳಿದೀತು.